ಶೋಕೇಸಿನ ಹಿಂದಿನ ಬಲೆ

ಹೊನ್ನಾವರದ ಹೊಳೆಯಾಚೆಯ ಕಾಸರಕೋಡದ ಮಾಸ್ತಿ ಇಪ್ಪತ್ತೆರಡು ವರ್ಷ ಸಮುದ್ರದಲ್ಲಿ ದುಡಿದವನು. ಅಷ್ಟು ವರ್ಷದಲ್ಲಿ ಸಮುದ್ರ ಅವನಿಗೆ ಮಾಡಿದ ಗಾಯ ಒಂದೇ, ಎಡಗೈ ಹೆಬ್ಬೆರಳಿಗೆ ಏಡಿ ಕಚ್ಚಿದ್ದು. ಉಳಿದ ಗಾಯಗಳೆಲ್ಲ ಮನೆಯೊಳಗೇ ಆದವು. ದಂಡೆಯ ಮೇಲೆ ಬೀಡಿ ಸೇದುತ್ತ ಕೂತಾಗ ಯಾರಾದರೂ ಕೇಳಿದರೆ ಲುಂಗಿ ಎತ್ತಿ ಒಂದೊಂದಾಗಿ ತೋರಿಸುತ್ತಿದ್ದ.

"ಇದು ಟೀಪಾಯಿ. ಇದು ಸೋಫಾದ ಕಾಲು. ಇದು ಮೇಜಿನ ಮೂಲೆ, ಎರಡು ಸಲ ಒಂದೇ ಜಾಗಕ್ಕೆ. ಸಮುದ್ರ ದೊಡ್ಡದು ಮಾರಾಯ, ತಪ್ಪಿಸ್ಕಣೂಕೆ ಜಾಗ ಅದೆ. ನನ್ನ ಮನೇಲಿ ಎಲ್ಲಿಗೆ ಹೋಗೂದು?"

ಮನೆ ಎಂದರೆ ಮಣ್ಣಿನ ಗೋಡೆ, ಹಂಚಿನ ಮಾಡು, ಒಂದು ಜಗಲಿ, ಒಂದು ನಡುಮನೆ, ಒಂದು ಅಡುಗೆಮನೆ. ಇರುವವರು ಇಬ್ಬರು, ಮಾಸ್ತಿ ಮತ್ತು ಅವನ ಹೆಂಡತಿ ತಿಮ್ಮಿ. ಮಗಳು ಮಂಜಿಯನ್ನು ಮಂಕಿ ಊರಿಗೆ ಕೊಟ್ಟಾಗಿತ್ತು. ಹಾಗೆ ನೋಡಿದರೆ ಇದೆಲ್ಲ ಶುರುವಾದದ್ದು ಮಂಕಿಯಲ್ಲೇ. ಬೀಗರ ಮನೆಯಲ್ಲಿ ಒಂದು ಸೋಫಾ ಇತ್ತು. ಮಗಳ ಮದುವೆ ಮಾತಿಗೆ ಹೋದ ದಿನ ಮಾಸ್ತಿ ಅದರ ಅಂಚಿನಲ್ಲಿ, ಒದ್ದೆ ಚಡ್ಡಿಯಲ್ಲಿ ಕೂತವನ ಹಾಗೆ, ಅರ್ಧ ಕೂತು ಅರ್ಧ ನಿಂತು ಬಂದಿದ್ದ. ಬೀಗರು ಒಂದು ಕೆಟ್ಟ ಮಾತನ್ನೂ ಆಡಿರಲಿಲ್ಲ, ಕೂತ್ಕಳಿ ಎಂದು ಮೂರು ಸಲ ಹೇಳಿದ್ದರು ಅಷ್ಟೆ. ಆ ಮೂರೂ ಸಲ ಅವನಿಗೆ ಕೇಳಿಸಿದ್ದು ಮಾತ್ರ, ನಿಮ್ಮ ಮನೇಲಿ ಎಂತದೂ ಇಲ್ಲ ಅಲ್ದಾ, ಎಂದು. ಮನುಷ್ಯನಿಗೆ ಅವಮಾನ ಮಾಡಲು ಇನ್ನೊಬ್ಬ ಬೇಕೇ ಬೇಕೆಂದಿಲ್ಲ. ಮಾಸ್ತಿ ಆ ಕೆಲಸವನ್ನು ತಾನೇ ಚೆನ್ನಾಗಿ ಮಾಡಿಕೊಳ್ಳುತ್ತಿದ್ದ.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಬಂಗಡೆ ಮೀನಿನ ಸುಗ್ಗಿ. ಪ್ರತಿ ಮನೆಗೂ ಬುಟ್ಟಿ ಬುಟ್ಟಿ ಪಾಲು ಬಂತು. ಮಾಸ್ತಿ ಬಲೆಗೆ ನೈಲಾನ್ ನೂಲು ತರುತ್ತೇನೆಂದು ಭಟ್ಕಳಕ್ಕೆ ಬಸ್ಸು ಹತ್ತಿದ. ಭಟ್ಕಳದ ಪೇಟೆಯಲ್ಲಿ ಆಗ ದುಬೈಯಿಂದ ಬಂದ ಸಾಮಾನುಗಳು ಅಂಗಡಿಯಲ್ಲಿ ಹಿಡಿಸದೆ ರಸ್ತೆಯ ಅಂಚಿನವರೆಗೆ ಹೊಳೆಯುತ್ತ ನಿಂತಿದ್ದವು. ನೂಲಿನ ಅಂಗಡಿಗೆ ಹೋಗುವ ದಾರಿಯಲ್ಲೇ ಒಂದು ಥರ್ಮಾಸ್ ಫ್ಲಾಸ್ಕು ಅವನನ್ನು ಕರೆಯಿತು. ಮೈಮೇಲೆ ಕೆಂಪು ಹೂ, ತಲೆಗೆ ಬೆಳ್ಳಿಯಂಥ ಮುಚ್ಚಳ.

"ಮನೆಯಲ್ಲಿ ಎಷ್ಟು ಜನ?" ಎಂದರು ಅಂಗಡಿಯ ಸಾಹೇಬರು.

"ಇಬ್ರು."

"ಹಾಗಾದ್ರೆ ಸಣ್ಣದು ಸಾಕು. ದೊಡ್ಡದು ಸುಮ್ಮನೆ ಭಾರ."

ಪಾಪ, ಅವರು ಒಳ್ಳೆಯ ಬುದ್ಧಿಯನ್ನೇ ಹೇಳಿದ್ದರು. ಮಾಸ್ತಿಗೆ ಮಾತ್ರ ಮತ್ತೆ ಮಂಕಿಯ ಸೋಫಾದ ಅಂಚು ನೆನಪಾಯಿತು. ಅಂಗಡಿಯಲ್ಲಿದ್ದ ಅತಿ ದೊಡ್ಡ ಫ್ಲಾಸ್ಕನ್ನೇ ಹೊತ್ತುಕೊಂಡು, ನೂಲನ್ನು ಅರ್ಧಕ್ಕರ್ಧ ತೆಗೆದುಕೊಂಡು ಮನೆಗೆ ಬಂದ.

ತಿಮ್ಮಿ ಫ್ಲಾಸ್ಕನ್ನು ಸುತ್ತಲೂ ತಿರುಗಿಸಿ ನೋಡಿದಳು. "ಅಲ್ರಾ, ಒಲೆ ಉರೀತಾ ಅದೆ, ನೀರು ಅದೆ, ನಾನೂ ಇನ್ನೂ ಸಾಯ್ಲಿಲ್ಲ. ಬೆಳಗ್ಗಿನ ಚಾ ಸಂಜಿಗೆ ಯಾಕೆ ಕುಡೀಬೇಕು?"

"ಬಿಸಿ ಇರ್ತದೆ."

ಸಂಜೆ ಒಂದು ಗುಟುಕು ಕುಡಿದು ಅಂಗಳಕ್ಕೆ ಉಗಿದು ತಿಮ್ಮಿ ಹೇಳಿದಳು: "ಹೌದು. ಬಿಸಿ ಅದೆ. ಚಾ ಇಲ್ಲ."

ಫ್ಲಾಸ್ಕು ಒಂದೇ ಇದ್ದರೆ ಬೇಸರವಾಗುತ್ತದೆಂದೋ ಏನೋ, ಅದನ್ನು ಇಡಲು ಮೇಜು ಬಂತು. ಮೇಜು ಬಂದ ಮೇಲೆ ಅದರ ಮೇಲೊಂದು ಫ್ಯಾನು. ಕರೆಂಟು ಅವರ ಕೇರಿಗೆ ಇನ್ನೂ ಕಾಲಿಟ್ಟಿರಲಿಲ್ಲ. ನೆಂಟರು ಬಂದರೆ ಮಾಸ್ತಿ ಬೆರಳಿನಿಂದ ಒಮ್ಮೆ ತಿರುಗಿಸಿ ತೋರಿಸುತ್ತಿದ್ದ. ಗಾಳಿ ಬರುತ್ತಿತ್ತು, ಕಿಟಕಿಯಿಂದ. ಮರುವರ್ಷ ಸೋಫಾ ಬಂತು, ಜೊತೆಗೊಂದು ಟೀಪಾಯಿ. ಸೋಫಾವನ್ನು ಒಳಗೆ ತರಲು ಬಾಗಿಲ ಚೌಕಟ್ಟು ಕೀಳಬೇಕಾಯಿತು. ಮರಳಿ ಕೂರಿಸಿದ ಬಾಗಿಲು ಆಮೇಲೆ ಎಂದೂ ಸರಿಯಾಗಿ ಹಾಕಿಕೊಳ್ಳಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸುವ ಜಾಗಕ್ಕೆ ಸೋಫಾ ಬಂದದ್ದರಿಂದ ಗಂಡ ಹೆಂಡತಿ ಇಬ್ಬರೂ ಜಗಲಿಯಲ್ಲಿ ಮಲಗತೊಡಗಿದರು. ಒಳಗೆ ಸೋಫಾ ಮಲಗಿತು.

ಕೊನೆಗೆ ಬಂದದ್ದು ಪಿಂಗಾಣಿ ತಟ್ಟೆ ಬಟ್ಟಲುಗಳ ಡಿನ್ನರ್ ಸೆಟ್ಟು. ಒಟ್ಟು ಮೂವತ್ತಾರು. ಅದರಲ್ಲಿ ಮೊಟ್ಟೆಯಾಕಾರದ ಒಂದು ಉದ್ದನೆಯ ತಟ್ಟೆ ಯಾತಕ್ಕೆಂದು ಮಾಸ್ತಿಗೂ ಗೊತ್ತಿರಲಿಲ್ಲ, ಕೇಳಲು ನಾಚಿಕೆ. ಊಟ ಮಾತ್ರ ಮೊದಲಿನಂತೆ ಅಲ್ಯುಮಿನಿಯಂ ತಟ್ಟೆಯಲ್ಲೇ.

"ಇದ್ರಲ್ಲಿ ಉಣ್ಣೂಕೆ ಯಾರು ಬರ್ತ್ರು?" ಎಂದು ತಿಮ್ಮಿ ಕೇಳಿದಳು.

"ಬರ್ತ್ರು."

"ಅದೇ, ಯಾರು?"

ಮಾಸ್ತಿ ಲೆಕ್ಕ ಹಾಕಿದ. ತನಗೆ ಗೊತ್ತಿರುವವರೆಲ್ಲ ಬಾಳೆಲೆಯಲ್ಲಿ ಉಣ್ಣುವವರು. ಗೊತ್ತಿಲ್ಲದವರು ತನ್ನ ಮನೆಗೆ ಯಾಕೆ ಬಂದಾರು? ಎದ್ದು ಹೋಗಿ ಫ್ಯಾನು ತಿರುಗಿಸಿದ.

ಇಷ್ಟೇ ಆಗಿದ್ದರೆ ಇದು ಒಬ್ಬ ಮನುಷ್ಯನ ಹುಚ್ಚು, ಊರಿನ ನಗೆ, ಮುಗಿಯಿತು. ಆದರೆ ಆ ನಡುಮನೆಯಲ್ಲಿ ಮೊದಲಿನಿಂದ ಒಂದು ವಸ್ತು ಇತ್ತು. ಅದನ್ನು ಮಾಸ್ತಿ ಯಾವ ಅಂಗಡಿಯಿಂದಲೂ ತಂದಿರಲಿಲ್ಲ. ಅಪ್ಪನಿಂದ ಬಂದ ರಂಪಣಿಯ ತುಂಡು.

ರಂಪಣಿ ಎಂದರೆ ದಂಡೆಯಿಂದ ಎಳೆಯುವ ಮಹಾಬಲೆ. ಅದು ಒಬ್ಬನದಲ್ಲ. ಕೇರಿಯ ನಲವತ್ತು ಮನೆಗಳಲ್ಲಿ ಒಂದೊಂದು ತುಂಡು ಇರುತ್ತದೆ. ಮಳೆಗಾಲ ಮುಗಿದು ಮೀನಿನ ದಿನ ಬಂದಾಗ ಎಲ್ಲರೂ ತಮ್ಮ ತಮ್ಮ ತುಂಡು ತಂದು ಒಂದಕ್ಕೊಂದು ಕಟ್ಟುತ್ತಾರೆ. ಆಗ ಅದು ಬಲೆಯಾಗುತ್ತದೆ. ಯಾರ ತುಂಡಿನ ಪಕ್ಕಕ್ಕೆ ಯಾರ ತುಂಡು ಎಂಬುದು ಅಜ್ಜಂದಿರ ಕಾಲದಿಂದ ಗೊತ್ತಾದದ್ದು. ಮಾಸ್ತಿಯ ತುಂಡಿನ ಒಂದು ಬದಿಗೆ ವೆಂಕಟ್ರಮಣನದು, ಇನ್ನೊಂದು ಬದಿಗೆ ದುರ್ಗಮ್ಮನದು. ದುರ್ಗಮ್ಮನ ಗಂಡ ಹೊಳೆಯ ಬಾಯಲ್ಲಿ ದೋಣಿ ಮಗುಚಿ ಸತ್ತು ಎಂಟು ವರ್ಷ. ಎಳೆಯಲು ಗಂಡಸಿಲ್ಲದಿದ್ದರೂ ತುಂಡು ಇರುವ ತನಕ ಮನೆಗೆ ಪಾಲು ಉಂಟು. ಅವಳ ಅಡುಗೆಮನೆ ನಡೆಯುವುದು ಆ ತುಂಡಿನಿಂದ.

ಅದಕ್ಕೇ ಮಳೆಗಾಲದಲ್ಲಿ ಪ್ರತಿ ಮನೆಯವರೂ ತುಂಡನ್ನು ಇಳಿಸಿ, ಹರವಿ, ಬಲೆಯ ಕಣ್ಣು ಕಣ್ಣು ಮುಟ್ಟಿ ನೋಡಿ, ಹರಿದಲ್ಲಿ ಕಟ್ಟಿ ಸರಿಮಾಡಬೇಕು. ಬೇರೆ ಯಾರೂ ಬಂದು ಪರೀಕ್ಷೆ ಮಾಡುವುದಿಲ್ಲ. ಚೌತಿ ಮುಗಿದ ಮೇಲೆ ತಂಡೇಲ, ಅಂದರೆ ರಂಪಣಿಯ ಯಜಮಾನ ದಾಸ, ಮನೆ ಮನೆಯ ಮುಂದೆ ನಿಂತು ನೋಡಿದ್ಯನಾ ಎಂದು ಕೇಳುತ್ತಾನೆ. ನೋಡಿದೆ ಎಂದರೆ ಮುಗಿಯಿತು. ಬಾಯಿಮಾತೇ ರಸೀತಿ.

ಎಪ್ಪತ್ತಾರರ ಬೇಸಿಗೆಯಲ್ಲಿ ಮಾಸ್ತಿಗೆ ಡಿನ್ನರ್ ಸೆಟ್ಟಿನ ಮೇಲೆ ಧೂಳು ಕೂರುವುದು ಕಾಣಿಸಿತು. ಅದಕ್ಕೊಂದು ಶೋಕೇಸು ಬೇಕಾಯಿತು. ಕುಮಟೆಯ ಬಡಗಿಯೊಬ್ಬ ಮಾಡಿಕೊಟ್ಟ. ಲಾರಿಯಲ್ಲಿ ಹೊನ್ನಾವರದವರೆಗೆ ಬಂದು, ಅಲ್ಲಿಂದ ಶರಾವತಿಯನ್ನು ಅದು ದೋಣಿಯಲ್ಲಿ ನಿಂತುಕೊಂಡೇ ದಾಟಿತು. ಗಾಜಿಗೆ ಬಿಸಿಲು ಹೊಡೆಯಬಾರದೆಂದು ಮಾಸ್ತಿ ಕೊಡೆ ಹಿಡಿದಿದ್ದ. ದಡದಲ್ಲಿದ್ದ ಹೆಂಗಸರು ದಿಬ್ಬಣವೆಂದುಕೊಂಡು ಮದುಮಗ ಯಾರೆಂದು ಕೇಳಿದರು.

ಶೋಕೇಸಿಗೆ ಜಾಗ ಇದ್ದದ್ದು ಕಿಟಕಿಯ ಗೋಡೆಗೆ ಮಾತ್ರ. ಅಲ್ಲಿ ಬಿದಿರಿನ ಅಡ್ಡೆಯ ಮೇಲೆ ರಂಪಣಿಯ ತುಂಡು ತೂಗುತ್ತಿತ್ತು. ಮಾಸ್ತಿ ಅದನ್ನು ಇಳಿಸಿ, ಮಡಚಿ, ಮೂಲೆಯಲ್ಲಿ ಒತ್ತಿಟ್ಟ. ಅದರ ಮುಂದೆ ಶೋಕೇಸು ನಿಂತಿತು. ಶೋಕೇಸಿನ ಮುಂದೆ ಮೇಜು, ಮೇಜಿನ ಮುಂದೆ ಸೋಫಾ. ಕಿಟಕಿ ಮುಚ್ಚಿತು. ಸಾಕ್ಷಾತ್ ಬೀಗರೇ ಬಂದರೂ ಈಗ ಬಾಗಿಲಲ್ಲೇ ನಿಂತು ನೋಡಬೇಕು, ಅಷ್ಟು ಭರ್ತಿ. ಅದನ್ನು ಕಂಡು ಮಾಸ್ತಿಯ ಎದೆಯೂ ತುಂಬಿತು.

ಮಳೆ ಹಿಡಿಯಿತು. ಆಷಾಢದಲ್ಲೊಮ್ಮೆ ತಿಮ್ಮಿ ಹೇಳಿದಳು: "ಶೋಕೇಸಿನ ಹಿಂದೆ ಎಂತದೋ ಕರಕರ ಅಂತದೆ."

"ಹೊಸ ಮರ. ಒಣಗ್ತಾ ಅದೆ."

"ಮರ ಓಡಾಡ್ತದ್ಯನ್ರಾ?"

ಮಾಸ್ತಿ ಬಗ್ಗಿ ನೋಡಿದ. ಏನೂ ಕಾಣಲಿಲ್ಲ. ಕಾಣಬೇಕಾದರೆ ಸೋಫಾ ಅಂಗಳಕ್ಕೆ ಹೋಗಬೇಕು, ಅದಕ್ಕೆ ಬಾಗಿಲ ಚೌಕಟ್ಟು ಮತ್ತೆ ಕೀಳಬೇಕು, ಮೂವತ್ತಾರು ತಟ್ಟೆ ಬಟ್ಟಲು ಒಂದೊಂದಾಗಿ ಇಳಿಸಬೇಕು. ಹೊರಗೆ ಧೋ ಮಳೆ. ಬಲೆ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ, ಕಳೆದ ವರ್ಷ ಸರಿಯೇ ಇತ್ತಲ್ಲ, ಎಂದು ಮನಸ್ಸು ಹೇಳಿತು. ಅವನ ಮನಸ್ಸು ಇಂಥ ವಿಷಯದಲ್ಲಿ ಬಹಳ ಒಳ್ಳೆಯ ವಕೀಲ.

ಚೌತಿ ಮುಗಿದ ನಾಲ್ಕನೇ ದಿನ ತಂಡೇಲ ದಾಸ ಅಂಗಳದಲ್ಲಿ ನಿಂತ.

"ಮಾಸ್ತಿ, ತುಂಡು ನೋಡಿದ್ಯನಾ?"

"ನೋಡಿದೆ, ತಂಡೇಲಣ್ಣ."

ಅಡುಗೆಮನೆಯಲ್ಲಿ ತಿಮ್ಮಿಯ ಕೈಯ ಸೌಟು ನಿಂತಿತು. ದಾಸ ಮುಂದಿನ ಮನೆಗೆ ನಡೆದ. ಮಾಸ್ತಿ ಆ ಕ್ಷಣ ಕರೆದು, ಇಲ್ಲ ತಂಡೇಲಣ್ಣ, ನೋಡಲಿಲ್ಲ, ಎರಡು ದಿನ ಕೊಡು, ಎಂದಿದ್ದರೆ ಊರು ನಗುತ್ತಿತ್ತು. ಆ ನಗೆಯನ್ನು ತಡೆದುಕೊಳ್ಳಲಾಗದೆ ಅವನು ಒಳಗೆ ಬಂದು ಸೋಫಾದ ಮೇಲೆ ಕೂತ.

ಎಂಟು ದಿನದ ಮೇಲೆ ಬೆಳಿಗ್ಗೆ ದಂಡೆಯಿಂದ ಕೂಗು ಎದ್ದಿತು. ಬಂಗಡೆ ಹಿಂಡು ಬಂದಿದೆ! ಆ ವರ್ಷ ಯಂತ್ರದ ದೋಣಿಗಳು ಮೀನನ್ನು ದೂರದಲ್ಲೇ ಎತ್ತುತ್ತಿದ್ದವು. ದಂಡೆಗೆ ಇಂಥ ಹಿಂಡು ಇನ್ನೊಮ್ಮೆ ಬರುತ್ತದೆಂಬ ಭರವಸೆ ಇರಲಿಲ್ಲ. ಎಲ್ಲರೂ ಬಲೆ ಹೊತ್ತು ಓಡಿದರು. ಮಾಸ್ತಿ ಮತ್ತು ತಿಮ್ಮಿ ಸೋಫಾವನ್ನು ನೆಟ್ಟಗೆ ಎತ್ತಿ ನಿಲ್ಲಿಸಿ, ಮೇಜು ಒತ್ತಿ, ಶೋಕೇಸನ್ನು ಒಂದು ಮೊಳ ಸರಿಸಿ, ಆ ಸಂದಿಯಿಂದ ತುಂಡನ್ನು ಎಳೆದು ತೆಗೆದರು. ಬಿಚ್ಚಿ ನೋಡಲು ಹೊತ್ತೆಲ್ಲಿ? ಅವನು ದಂಡೆಗೆ ಮುಟ್ಟಿದಾಗ ವೆಂಕಟ್ರಮಣ ಬಯ್ಯುತ್ತ ತನ್ನ ತುಂಡಿನ ಅಂಚು ಹಿಡಿದು ಕಾಯುತ್ತಿದ್ದ. ಗಬಗಬನೆ ಕಟ್ಟಿದರು. ದೋಣಿ ಬಲೆಯನ್ನು ಬಿಡುತ್ತ ಅರ್ಧಚಂದ್ರದ ಹಾಗೆ ಸುತ್ತಿ ಬಂತು. ಎರಡೂ ಬದಿಯಲ್ಲಿ ಜನ ಹಗ್ಗ ಹಿಡಿದರು.

ಎಳೆತ ಎರಡು ತಾಸು. ಬಲೆಯ ಸುತ್ತು ಸಣ್ಣದಾಗುತ್ತ ಬಂದ ಹಾಗೆ ನೀರು ಕಪ್ಪಾಯಿತು, ಆಮೇಲೆ ಕುದಿಯತೊಡಗಿತು. ಹೆಂಗಸರು ಬುಟ್ಟಿ ಹಿಡಿದು ಮೊಣಕಾಲು ನೀರಿಗೆ ಇಳಿದರು. ದುರ್ಗಮ್ಮ ಎಲ್ಲರಿಗಿಂತ ಮುಂದೆ. ಅಷ್ಟರಲ್ಲಿ ನಡುವೆ, ಮಾಸ್ತಿಯ ತುಂಡು ಇದ್ದಲ್ಲಿ, ಬಲೆಯನ್ನು ತೇಲಿಸುವ ಬೆಂಡುಗಳು ಒಮ್ಮೆ ನಡುಗಿ ಹಗುರಾದವು. ಹಗ್ಗ ಹಿಡಿದವರ ಕೈಗೆ ಗೊತ್ತಾಯಿತು. ಭಾರ ಹೋಗಿತ್ತು. ಬಲೆಯ ಹೊರಗೆ ನೀರು ಬೆಳ್ಳಗೆ ಮಿಂಚುತ್ತ ಪಡುವಣಕ್ಕೆ ಸರಿಯಿತು. ನಲವತ್ತು ಮನೆಯ ಮೀನು ಹೋಗುವುದನ್ನು ನಲವತ್ತು ಮನೆಯವರೂ ನಿಂತು ನೋಡಿದರು.

ತುಂಡನ್ನು ಮರಳ ಮೇಲೆ ಹರವಿದಾಗ ಅದರಲ್ಲಿ ಎಮ್ಮೆ ತೂರುವಷ್ಟು ಹರಕು. ಅಂಚೆಲ್ಲ ಇಲಿ ಕಡಿದದ್ದು. ಮಡಿಕೆಯಲ್ಲಿ ಇಲಿಗೂಡು ಇನ್ನೂ ಒದ್ದೆಯಾಗಿ ಅಂಟಿಕೊಂಡಿತ್ತು. ಅದರಲ್ಲಿ ಸೋಫಾದ ಹತ್ತಿ.

"ನೋಡಿದೆ ಅಂದ್ಯಲೋ," ಎಂದ ದಾಸ. ಗಟ್ಟಿಯಾಗಿಯೂ ಅಲ್ಲ.

ವೆಂಕಟ್ರಮಣನಿಗೆ ತಡೆಯಲಾಗಲಿಲ್ಲ. "ಇಲಿಗೂ ಮೆತ್ತನ್ನ ಸೋಫಾ ಕೊಟ್ಟವ್ನೆ ಮಾರಾಯ! ನಮ್ಮ ಮಕ್ಕಳಿಗೆ ಇವತ್ತು ಎಂತ ಕೊಡ್ತೆ, ಹೇಳು? ನಿನ್ನ ಗಾಜಿನ ತಟ್ಟೆ ನೆಕ್ಕಬೇಕಾ?"

ಮಾಸ್ತಿಗೆ ಯಾರಾದರೂ ಹೊಡೆದಿದ್ದರೆ ಒಳ್ಳೆಯದಿತ್ತು ಎನಿಸಿತು. ಯಾರೂ ಹೊಡೆಯಲಿಲ್ಲ. ದಾಸ ಬಗ್ಗಿ ಮಾಸ್ತಿಯ ತುಂಡಿನ ಎರಡೂ ಬದಿಯ ಗಂಟು ಬಿಚ್ಚಿದ. ಅದನ್ನು ಆಚೆ ಎಳೆದು ಹಾಕಿ ವೆಂಕಟ್ರಮಣನ ಅಂಚಿಗೆ ದುರ್ಗಮ್ಮನ ಅಂಚು ಕಟ್ಟಿದ. ಅಷ್ಟೇ ನ್ಯಾಯ. ಮಾಸ್ತಿಯ ಅಜ್ಜನಿಂದ ಬಂದ ಜಾಗ ಮುಚ್ಚಿಹೋಯಿತು, ಬಲೆ ಮಾತ್ರ ಬಲೆಯಾಗಿಯೇ ಉಳಿಯಿತು. "ಹೊಸ ತುಂಡು ಕಟ್ಕಂಡು ಬಾ," ಎಂದ ದಾಸ. "ನಿನ್ನ ಕೈಯಾರೆ. ಕೊಂಡ್ಕಂಡು ತಂದ್ರೆ ನಾ ಮುಟ್ಟೂದಿಲ್ಲ."

ಕೊಂಡುಕೊಳ್ಳುವುದು ಬಿಟ್ಟು ಬೇರೆ ಉಪಾಯವೇ ಹೊಳೆಯದ ತಲೆಗೆ ಆ ದಿನ ಹೊಳೆದದ್ದೂ ಅಂಥದ್ದೇ. ಮಾರನೆಯ ಬೆಳಿಗ್ಗೆ ಮಾಸ್ತಿ ಮೀನಿನ ಬುಟ್ಟಿಯಲ್ಲಿ ಹುಲ್ಲು ಹಾಸಿ, ಡಿನ್ನರ್ ಸೆಟ್ಟನ್ನು ಜೋಡಿಸಿ, ತಲೆಯ ಮೇಲೆ ಹೊತ್ತು ದುರ್ಗಮ್ಮನ ಮನೆಗೆ ಹೋದ.

"ದುರ್ಗಕ್ಕ, ಇದು ನಿಂಗೆ. ಪೂರಾ ಮೂವತ್ತಾರು ಅದೆ. ಒಂದೂ ಒಡೀಲಿಲ್ಲ."

ದುರ್ಗಮ್ಮ ಉದ್ದ ತಟ್ಟೆಯನ್ನು ಎತ್ತಿ ನೋಡಿದಳು. ಅವಳ ಹಿಂದೆ ಒಲೆ ತಣ್ಣಗಿತ್ತು.

"ಚಂದ ಅದೆ ತಮಾ," ಎಂದಳು. "ಇದ್ರಲ್ಲಿ ಎಂತ ಬಡ್ಸೂದು?"

ತಟ್ಟೆಯನ್ನು ಹುಲ್ಲಿನ ಮೇಲೆ ಮೆಲ್ಲಗೆ ಇಟ್ಟಳು. ಮಾಸ್ತಿ ಬುಟ್ಟಿ ಹೊತ್ತು ಹಿಂತಿರುಗಿದ. ದಾರಿಯಲ್ಲಿ ಮೂವತ್ತಾರೂ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ಕೇರಿಯ ಪ್ರತಿ ಬಾಗಿಲೂ ಅದನ್ನು ಕೇಳಿತು.

ಆ ವಾರವೇ ಫ್ಯಾನು ಹೊನ್ನಾವರದ ಒಂದು ಹೋಟೆಲಿಗೆ ಹೋಯಿತು. ಅದರ ಬದಲಿಗೆ ನೂಲಿಗೆ ಸಾಕಾಗುವಷ್ಟು ದುಡ್ಡು ಸಿಕ್ಕಿತು. ಹೋಟೆಲಿನವರು ಪ್ಲಗ್ಗು ಹಾಕಿದ ಕೂಡಲೇ ಅದು ತನ್ನಷ್ಟಕ್ಕೆ ಗಿರ್ರನೆ ತಿರುಗಿತು. ಮಾಸ್ತಿ ಒಂದು ಚಾ ತೆಗೆದುಕೊಂಡು ಅದರ ಮುಂದೆ ಅರ್ಧ ತಾಸು ಕೂತ. ಎರಡು ವರ್ಷ ಒಂದೇ ಮನೆಯಲ್ಲಿದ್ದರೂ ಅದಕ್ಕೆ ಇಷ್ಟು ಗಾಳಿ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಶೋಕೇಸನ್ನು ಯಾರೂ ಕೇಳಲಿಲ್ಲ. ಡಿನ್ನರ್ ಸೆಟ್ಟನ್ನು ಭಟ್ಕಳದ ಸಾಹೇಬರು ಮೂಸಿ ನೋಡಿ, ಬೇಡಪ್ಪ, ಬಂಗಡೆ ವಾಸನೆ, ಎಂದರು. ಒಂದು ದಿನವೂ ಬಂಗಡೆ ಕಾಣದ ತಟ್ಟೆಗೆ ಆ ಅಪವಾದ.

ನೂಲು ಬಂತು. ಕಟ್ಟಲು ಜಾಗ ಇಲ್ಲ. ತುಂಡು ಬೆಳೆದ ಹಾಗೆ ಹರವುತ್ತ ಹೋಗಬೇಕು, ನಡುಮನೆಯಲ್ಲೋ ಕಾಲಿಡಲೂ ಎಡೆಯಿಲ್ಲ. ಮಾಸ್ತಿ ಬಾಗಿಲ ಚೌಕಟ್ಟನ್ನು ಎರಡನೆಯ ಸಲ ಕಿತ್ತ. ಸೋಫಾ, ಮೇಜು, ಟೀಪಾಯಿ, ಶೋಕೇಸು ಎಲ್ಲ ಅಂಗಳದ ಮರಳಿಗೆ ಬಂದವು. ಎರಡು ವರ್ಷದ ಮೇಲೆ ತಿಮ್ಮಿ ನಡುಮನೆಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಗುಡಿಸಿದಳು. ಗುಡಿಸುತ್ತ ಗುಡಿಸುತ್ತ ಅಲ್ಲೇ ಕೂತು ಅತ್ತಳು. "ಎಂತ ಆತೇ?" ಎಂದು ಮಾಸ್ತಿ ಕೇಳಿದರೆ, "ಸುಮ್ನೆ. ಮನೆ ಕಾಣ್ತು," ಎಂದಳು.

ಅಂಗಳದ ಸೋಫಾ ಕೇರಿಯ ಜನಕ್ಕೆ ಒಳ್ಳೆಯ ಪೀಠವಾಯಿತು. ಸಂಜೆ ಬಂದು ಕೂತು, ಮಾಸ್ತಿ ಬಿದಿರ ಸೂಜಿ ಹಿಡಿದು ಬಲೆಯ ಕಣ್ಣು ಕಟ್ಟುವುದನ್ನು ನೋಡುತ್ತ ಒಬ್ಬೊಬ್ಬರು ಒಂದೊಂದು ಚುಚ್ಚುತ್ತಿದ್ದರು. ಮೊದಮೊದಲು ಅವನು ತಲೆ ಎತ್ತಲಿಲ್ಲ. ಆಮೇಲೆ ಅವರು ಬಾಯಿ ತೆರೆಯುವ ಮೊದಲೇ ತಾನೇ ಶುರುಮಾಡಿದ.

"ಬನ್ನಿ, ಕೂತ್ಕಣಿ, ಕೂತ್ಕಣಿ. ನಲವತ್ತು ಮನೆ ಮೀನು ತಿಂದ ಸೋಫಾ ಇದು. ಇನ್ನೂ ಹಸಿವು ಅದೆ ಇದಕ್ಕೆ, ಲುಂಗಿ ಹುಷಾರು."

ಜನ ನಕ್ಕರು. ಅವನೂ ನಕ್ಕ. ಆದರೆ ದುರ್ಗಮ್ಮ ಆ ಗುಂಪಿನಲ್ಲಿ ಇರುತ್ತಿರಲಿಲ್ಲ. ಆ ವರ್ಷ ಅವಳು ಒಣಮೀನಿನ ಬುಟ್ಟಿ ಹೊತ್ತು ಹೊಳೆ ದಾಟಿ ಹೊನ್ನಾವರದ ಮನೆಮನೆ ತಿರುಗಿದಳು. ಸಂಜೆ ಅದೇ ಅಂಗಳದ ಮುಂದೆ ಹಾದು ಹೋಗುವಾಗ ನಿಲ್ಲುತ್ತಿರಲಿಲ್ಲ, ಮುಖ ತಿರುಗಿಸುತ್ತಲೂ ಇರಲಿಲ್ಲ. ತನ್ನ ಮೇಲೆ ತಾನೇ ಮಾಡಿಕೊಂಡ ತಮಾಷೆ ಅವಳ ಒಲೆ ಹೊತ್ತಿಸುವುದಿಲ್ಲ ಎಂದು ಮಾಸ್ತಿಗೆ ಅರ್ಥವಾದದ್ದು ಆಗ. ಅವಳು ಹಾದುಹೋಗುವ ಹೊತ್ತಿಗೆ ಅವನ ಬಾಯಿ ತಾನಾಗಿ ಮುಚ್ಚುತ್ತಿತ್ತು, ಕೈ ಮಾತ್ರ ನಡೆಯುತ್ತಿತ್ತು.

ಸೋಫಾ ಮುಂದಿನ ಮಳೆಗೆ ನೆನೆದು ಒಡಲು ಬಿಚ್ಚಿತು. ಮಾಸ್ತಿ ನಡುಮನೆಯೊಳಗೆ ಕೂತು ಕಟ್ಟುತ್ತಲೇ ಇದ್ದ. ಆ ಸಲದ ಚೌತಿ ಮುಗಿದ ಮೇಲೆ ಹೊಸ ತುಂಡನ್ನು ಹೆಗಲ ಮೇಲೆ ಹೊತ್ತು ತಂಡೇಲನ ಮುಂದೆ ಇಳಿಸಿದ.

ದಾಸ ಬಗ್ಗಲಿಲ್ಲ. "ನಾ ನೋಡೂದಿಲ್ಲ. ಇದಕ್ಕೆ ಕಟ್ಟೂದು ದುರ್ಗಮ್ಮನ ತುಂಡು. ಅವಳು ನೋಡ್ಲಿ."

ದುರ್ಗಮ್ಮ ಬಂದು ಮರಳಲ್ಲಿ ಕೂತಳು. ತುಂಡನ್ನು ಮೊಳ ಮೊಳವಾಗಿ ತೊಡೆಯ ಮೇಲೆ ಎಳೆದುಕೊಂಡು ನೋಡಿದಳು. ಬಿಸಿಲು ಏರಿತು. ಒಂದು ಕಡೆ ಅವಳ ಬೆರಳು ನಿಂತಿತು. "ಇಲ್ಲಿ ಗಂಟು ಜಾರ್ತದೆ," ಎಂದಳು. ಮಾಸ್ತಿ ಕೂತು ಆ ಸಾಲನ್ನು ಬಿಚ್ಚಿ ಮತ್ತೆ ಕಟ್ಟಿದ. ಇನ್ನೊಂದು ಕಡೆ ನಿಂತಳು. ಅಲ್ಲೂ ಬಿಚ್ಚಿದ. ಮಧ್ಯಾಹ್ನದ ಊಟಕ್ಕೆ ಇಬ್ಬರೂ ಏಳಲಿಲ್ಲ. ನೋಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಹೋದರು.

ಕೊನೆಗೆ ದುರ್ಗಮ್ಮ ಎದ್ದು ಹೋಗಿ ತನ್ನ ತುಂಡನ್ನು ಹೊತ್ತು ತಂದು ಅವನ ಕಾಲ ಬುಡಕ್ಕೆ ಹಾಕಿದಳು. ಅದರ ಅಂಚು ಅವನ ಕೈಗೆ ಕೊಟ್ಟಳು.

"ಕಟ್ಟು," ಎಂದಳು.

ಮಾಸ್ತಿ ಕಟ್ಟತೊಡಗಿದ. ಅವನು ಹಾಕಿದ ಪ್ರತಿ ಗಂಟನ್ನೂ ಅವಳು ಎರಡೂ ಕೈಯಿಂದ ಜಗ್ಗಿ ನೋಡಿದಳು, ಒಂದನ್ನೂ ಬಿಡದೆ, ಅಂಚು ಮುಗಿಯುವ ತನಕ.